ಓಡದೆ ಆಟ ಆಳಿದ ರಿಕೆಲ್ಮೆ

ಅರ್ಜೆಂಟೀನಾದ ಹುವಾನ್ ರೋಮನ್ ರಿಕೆಲ್ಮೆ ಅಂಗಳದಲ್ಲಿ ವೇಗವಾಗಿ ಓಡಿದವರಲ್ಲ. ಚೆಂಡು ಕಸಿಯಲು ಎದುರಾಳಿಯ ಬೆನ್ನು ಹತ್ತಿದ್ದೂ ಕಡಿಮೆ. ಹಾಗಿದ್ದರೂ ದಕ್ಷಿಣ ಅಮೆರಿಕ ಕಂಡ ಶ್ರೇಷ್ಠ ಮಿಡ್‌ಫೀಲ್ಡರ್‌ಗಳನ್ನು ನೆನೆಯುವಾಗ ಅವರ ಹೆಸರನ್ನು ಬಿಡುವಂತಿಲ್ಲ. ಚೆಂಡು ಅವರ ಕಾಲಿಗೆ ಬಂತೆಂದರೆ ಆಟ ಯಾವ ಲಯದಲ್ಲಿ ಸಾಗಬೇಕೆಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು. ಉಳಿದ ಇಪ್ಪತ್ತೊಂದು ಮಂದಿ ಅದಕ್ಕೆ ಹೊಂದಿಕೊಳ್ಳಬೇಕಿತ್ತು.

ಅವರು ಹುಟ್ಟಿದ್ದು 1978ರ ಜೂನ್ 24ರಂದು, ಬ್ಯೂನಸ್ ಐರಿಸ್ ಪ್ರಾಂತ್ಯದ ಸಾನ್ ಫರ್ನಾಂಡೊದಲ್ಲಿ. ಬೆಳೆದದ್ದು ಡಾನ್ ಟೊರ್ಕ್ವಾಟೊದ ಬಡ ಬಡಾವಣೆಯಲ್ಲಿ, ದೊಡ್ಡ ಕುಟುಂಬದ ಹಿರಿಯ ಮಗನಾಗಿ. ಮರಡೋನಾ ಅವರನ್ನು ಬೆಳೆಸಿದ ಅರ್ಜೆಂಟಿನೋಸ್ ಜೂನಿಯರ್ಸ್ ಕ್ಲಬ್ಬಿನಲ್ಲೇ ರಿಕೆಲ್ಮೆ ಕೂಡ ಪಳಗಿದರು. 1996ರ ನವೆಂಬರ್‌ನಲ್ಲಿ ಬೊಕಾ ಜೂನಿಯರ್ಸ್ ಪರ ಮೊದಲ ಪಂದ್ಯ ಆಡಿದರು. ಮರುವರ್ಷ ಮಲೇಷ್ಯಾದಲ್ಲಿ ಅರ್ಜೆಂಟೀನಾ ಯುವ ವಿಶ್ವಕಪ್ ಗೆದ್ದಾಗ ಆ ತಂಡದಲ್ಲೂ ಇದ್ದರು.

ಅವರು ಆಡುತ್ತಿದ್ದ ಜಾಗಕ್ಕೆ ಅರ್ಜೆಂಟೀನಾದಲ್ಲಿ ಎಂಗಾಂಚೆ ಎನ್ನುತ್ತಾರೆ. ಮಿಡ್‌ಫೀಲ್ಡ್‌ಗೂ ಮುಂಪಡೆಗೂ ನಡುವೆ ನಿಂತು, ದಾಳಿಯನ್ನೆಲ್ಲ ತನ್ನ ಕಾಲಿನ ಮೂಲಕವೇ ಹಾಯಿಸುವ ಹತ್ತನೇ ನಂಬರಿನ ಆಟಗಾರ ಅವನು. ಅವನೊಬ್ಬನಿಗೆ ರಕ್ಷಣೆಯ ಕೆಲಸದಿಂದ ವಿನಾಯಿತಿ ಸಿಗಬೇಕಾದರೆ ಹಿಂದಿರುವ ಮೂವರು ಹೆಚ್ಚು ದುಡಿಯಬೇಕು. ಅಂದರೆ ತಂಡವನ್ನೇ ಅವನ ಸುತ್ತ ಕಟ್ಟಬೇಕು. ರಿಕೆಲ್ಮೆಯ ಏಳುಬೀಳುಗಳೆಲ್ಲ ಈ ಒಂದು ಸಂಗತಿಯನ್ನೇ ಅವಲಂಬಿಸಿದ್ದವು.

1998ರಲ್ಲಿ ಬೊಕಾದ ಕೋಚ್ ಆಗಿ ಬಂದ ಕಾರ್ಲೋಸ್ ಬಿಯಾಂಚಿ ಹಾಗೆಯೇ ತಂಡ ಕಟ್ಟಿದರು. ಅದರ ಫಲವಾಗಿ 2000 ಮತ್ತು 2001ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಕೋಪಾ ಲಿಬರ್ಟಡೋರಸ್ ಬೊಕಾ ಪಾಲಾಯಿತು. 2000ದ ಕ್ವಾರ್ಟರ್ ಫೈನಲ್‌ನಲ್ಲಿ ಬದ್ಧವೈರಿ ರಿವರ್ ಪ್ಲೇಟ್ ವಿರುದ್ಧ ನಡೆದದ್ದನ್ನು ಬೊಕಾ ಅಭಿಮಾನಿಗಳು ಇಂದಿಗೂ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾರೆ. ಗೆರೆಯ ಪಕ್ಕದಲ್ಲಿ ರಿಕೆಲ್ಮೆ ಚೆಂಡು ಹಿಡಿದು ನಿಂತಿದ್ದರು, ಬೆನ್ನಿಗೆ ರಿವರ್‌ನ ಡಿಫೆಂಡರ್ ಮಾರಿಯೊ ಯೆಪೆಸ್ ಅಂಟಿಕೊಂಡಿದ್ದರು. ರಿಕೆಲ್ಮೆ ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆದು ಯೆಪೆಸ್ ಕಾಲುಗಳ ನಡುವೆ ಉರುಳಿಸಿದರು, ತಾವು ಇನ್ನೊಂದು ಬದಿಯಿಂದ ಸುತ್ತಿ ಬಂದು ಅದನ್ನು ಮತ್ತೆ ಹಿಡಿದರು. ಬೊಕಾ ಆ ಪಂದ್ಯವನ್ನು 3–0ಯಿಂದ ಗೆದ್ದಿತು.

ಅದೇ ವರ್ಷ ನವೆಂಬರ್ 28ರಂದು ಟೋಕಿಯೊದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್‌ಗಾಗಿ ರಿಯಲ್ ಮ್ಯಾಡ್ರಿಡ್ ಎದುರಾಯಿತು. ಪಂದ್ಯ ಶುರುವಾಗಿ ಆರೇ ನಿಮಿಷಗಳಲ್ಲಿ ಮಾರ್ಟಿನ್ ಪಲೆರ್ಮೊ ಎರಡು ಗೋಲು ಹೊಡೆದರು. ಎರಡನೆಯದು ತಮ್ಮ ಅರ್ಧದಿಂದ ರಿಕೆಲ್ಮೆ ಕಳಿಸಿದ ಉದ್ದನೆಯ ಪಾಸ್‌ನಿಂದ ಬಂದದ್ದು. ಆಮೇಲೆ ಮುನ್ನಡೆ ಕಾಯ್ದುಕೊಳ್ಳುವ ಹೊಣೆಯೂ ಅವರ ಮೇಲೆಯೇ ಬಿತ್ತು. ಚೆಂಡಿಗೂ ಎದುರಾಳಿಗೂ ನಡುವೆ ತಮ್ಮ ಮೈಯನ್ನು ಅಡ್ಡವಿಟ್ಟು ನಿಂತರೆ ರಿಯಲ್‌ನ ಮೆಕೆಲೆಲೆಯಂಥವರಿಗೂ ಕಸಿಯಲಾಗುತ್ತಿರಲಿಲ್ಲ. ಬೊಕಾ 2–1ರಿಂದ ಗೆದ್ದಿತು.

2002ರಲ್ಲಿ ಬಾರ್ಸಿಲೋನಾ ಸೇರಿದ್ದು ಫಲ ಕೊಡಲಿಲ್ಲ. ಕೋಚ್ ಲೂಯಿ ವಾನ್ ಗಾಲ್ ರಿಕೆಲ್ಮೆಯನ್ನು ಅಂಗಳದ ಅಂಚಿಗೆ ತಳ್ಳಿದರು. ಮರುವರ್ಷ ರೊನಾಲ್ಡಿನೊ ಬಂದಾಗ ಸ್ಪೇನ್‌ನದೇ ವಿಯಾರಿಯಲ್ ಎಂಬ ಚಿಕ್ಕ ಕ್ಲಬ್ಬಿಗೆ ಹೋಗಬೇಕಾಯಿತು. ಸುಮಾರು ಐವತ್ತು ಸಾವಿರ ಜನರ ಆ ಊರಿನ ತಂಡ ಮ್ಯಾನುಯೆಲ್ ಪೆಲೆಗ್ರಿನಿ ಅವರ ಕೈಕೆಳಗೆ, ರಿಕೆಲ್ಮೆಯನ್ನೇ ನೆಚ್ಚಿಕೊಂಡು, 2004–05ರ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೇರಿತು. ಮುಂದಿನ ಋತುವಿನಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿತು. ಅಲ್ಲಿ ಎದುರಾಳಿ ಆರ್ಸೆನಲ್ ಮೊದಲ ಪಂದ್ಯದ ಒಂದು ಗೋಲಿನಿಂದ ಮುಂದಿತ್ತು. ಎರಡನೇ ಪಂದ್ಯದ ಕೊನೇ ಗಳಿಗೆಯಲ್ಲಿ ವಿಯಾರಿಯಲ್‌ಗೆ ಪೆನಾಲ್ಟಿ ಸಿಕ್ಕಿತು. ರಿಕೆಲ್ಮೆ ಒದ್ದ ಚೆಂಡನ್ನು ಗೋಲ್‌ಕೀಪರ್ ಯೆನ್ಸ್ ಲೆಹ್ಮನ್ ತಡೆದರು. ಈ ಒಂದು ಒದೆತದಿಂದ ರಿಕೆಲ್ಮೆಯನ್ನು ಅಳೆಯುವವರು ಬಹಳ, ಆದರೆ ಅಷ್ಟು ಸಣ್ಣ ಕ್ಲಬ್ಬನ್ನು ಅಲ್ಲಿಯವರೆಗೆ ಕೊಂಡೊಯ್ದದ್ದನ್ನು ಮರೆತು ಹಾಗೆ ಅಳೆಯುವುದು ಅನ್ಯಾಯ.

2006ರ ವಿಶ್ವಕಪ್‌ನಲ್ಲೂ ಕೈಗೆ ಬಂದದ್ದು ಜಾರಿತು. ಜರ್ಮನಿ ವಿರುದ್ಧ ಬರ್ಲಿನ್‌ನ ಕ್ವಾರ್ಟರ್ ಫೈನಲ್‌ನಲ್ಲಿ ರಿಕೆಲ್ಮೆಯ ಕಾರ್ನರ್ ಕಿಕ್‌ಗೆ ಆಯಾಲಾ ತಲೆಯೊಡ್ಡಿ ಅರ್ಜೆಂಟೀನಾಕ್ಕೆ ಮುನ್ನಡೆ ಕೊಟ್ಟರು. 72ನೇ ನಿಮಿಷದಲ್ಲಿ ಕೋಚ್ ಪೆಕರ್‌ಮನ್ ರಿಕೆಲ್ಮೆಯನ್ನು ಹೊರಗೆ ಕರೆಸಿಕೊಂಡರು. 80ನೇ ನಿಮಿಷದಲ್ಲಿ ಕ್ಲೋಸೆ ಗೋಲಿನಿಂದ ಜರ್ಮನಿ ಸಮಮಾಡಿಕೊಂಡು, ಪೆನಾಲ್ಟಿಯಲ್ಲಿ ಗೆದ್ದಿತು. ಆಟದ ಲಯ ಹಿಡಿದವರನ್ನೇ ಹೊರಗಿಟ್ಟ ಆ ನಿರ್ಧಾರ ತಪ್ಪೆಂದೇ ಹೇಳಬೇಕು.

2007ರಲ್ಲಿ ಬೊಕಾಗೆ ಮರಳಿದಾಗ ಹಳೆಯ ರಿಕೆಲ್ಮೆ ಮತ್ತೆ ಕಾಣಿಸಿದರು. ಬ್ರೆಜಿಲ್‌ನ ಗ್ರೆಮಿಯೊ ವಿರುದ್ಧದ ಲಿಬರ್ಟಡೋರಸ್ ಫೈನಲ್‌ನ ಎರಡು ಪಂದ್ಯಗಳಲ್ಲಿ ಬೊಕಾ ಗಳಿಸಿದ ಐದು ಗೋಲುಗಳಲ್ಲಿ ಮೂರು ಅವರವು. ಮರುವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿ ಚಿನ್ನ ಗೆದ್ದರು. ಮರಡೋನಾ ರಾಷ್ಟ್ರೀಯ ತಂಡದ ಕೋಚ್ ಆಗಿದ್ದಾಗ ಅವರೊಡನೆ ಹೊಂದದೆ 2009ರಲ್ಲಿ ತಂಡ ಬಿಟ್ಟರು. 2014ರಲ್ಲಿ ಅರ್ಜೆಂಟಿನೋಸ್ ಜೂನಿಯರ್ಸ್‌ಗೆ ಹೋಗಿ, ಎರಡನೇ ದರ್ಜೆಗೆ ಇಳಿದಿದ್ದ ಆ ಕ್ಲಬ್ಬನ್ನು ಮೇಲಕ್ಕೆತ್ತಲು ನೆರವಾದರು. 2015ರ ಜನವರಿಯಲ್ಲಿ ನಿವೃತ್ತಿ ಘೋಷಿಸಿದರು.

ಅಷ್ಟರಲ್ಲಿ ಆಟವೇ ಬದಲಾಗಿತ್ತು. ಚೆಂಡು ಕಳೆದುಕೊಂಡ ಕ್ಷಣದಲ್ಲೇ ಹತ್ತೂ ಮಂದಿ ಮುನ್ನುಗ್ಗಿ ಒತ್ತಡ ಹಾಕುವ ಪದ್ಧತಿ ಎಲ್ಲೆಡೆ ಬಂತು. ಓಡದ ಒಬ್ಬನಿಗಾಗಿ ಮೂವರನ್ನು ದುಡಿಸಲು ಕೋಚ್‌ಗಳು ಒಪ್ಪಲಿಲ್ಲ. ರಿಕೆಲ್ಮೆ ನಂತರ ಅವರ ಮಟ್ಟದ ಎಂಗಾಂಚೆ ಬಂದಿಲ್ಲ.

ಬೊಕಾದ ನಂಟು ಮಾತ್ರ ಮುಂದುವರಿದಿದೆ. 2019ರಲ್ಲಿ ಉಪಾಧ್ಯಕ್ಷರಾದ ಅವರು 2023ರ ಡಿಸೆಂಬರ್‌ನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಬೊಕಾ ಆವರೆಗೆ ಗೆದ್ದಿದ್ದ ಆರು ಲಿಬರ್ಟಡೋರಸ್‌ಗಳಲ್ಲಿ ಮೂರು ರಿಕೆಲ್ಮೆ ಆಡಿದ ವರ್ಷಗಳಲ್ಲೇ ಬಂದವು.