ಗಿಳಿಬಾಯಿಯ ಮರಿ

ನಮ್ಮ ದನದ ಜಾತ್ರೆಗಳಲ್ಲಿ ಹೋರಿಯ ಮೂಗುದಾರವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಅದರ ಕೆಳದುಟಿಯನ್ನು ಮಗುಚಿ, ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವ ರೈತನಿಗೆ ಹಲ್ಲೆಂಬುದು ವಯಸ್ಸಿನ ಸಾಕ್ಷಿ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲವಾದ್ದರಿಂದ, ಮೇಲಿನದು ಕೆಳಗಿನದರೊಡನೆ ಕೂಡಿತೇ ಇಲ್ಲವೇ ಎಂಬ ಪ್ರಶ್ನೆ ಅವನಿಗೆ ಎಂದೂ ಎದುರಾದುದಿಲ್ಲ. ಕುದುರೆಯ ವಿಷಯ ಬೇರೆ. ಅದಕ್ಕೆ ಮೇಲೆ ಆರು, ಕೆಳಗೆ ಆರು ಬಾಚಿಹಲ್ಲುಗಳು. ಈ ಎರಡು ಸಾಲುಗಳೂ ಅಂಚಿಗೆ ಅಂಚು ಕೂಡಿದರೆ ಮಾತ್ರ ಮೋಟು ಹುಲ್ಲು ಕತ್ತರಿಸಿ ಬಾಯಿಗೆ ಬರುತ್ತದೆ. ಹಲ್ಲು ನೋಡಿ ವಯಸ್ಸು ನಿರ್ಣಯಿಸುವ ಕ್ರಮವನ್ನು ನಮ್ಮ ಪ್ರಾಚೀನ ಅಶ್ವಶಾಸ್ತ್ರಕಾರರು ವಿಸ್ತಾರವಾಗಿಯೇ ಹೇಳಿದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ವಯಸ್ಸಿನ ಮಾತಲ್ಲ, ಆ ಕೂಡಿಕೆಯ ಮಾತು.

ಒಂದು ಮುಂಜಾನೆ ಹತ್ತು ದಿನದ ಮರಿಯೊಂದನ್ನು ನೋಡಲು ಲಾಯಕ್ಕೆ ಹೋಗಿದ್ದೆ. ಲಾಯದ ಆಳು ಒಂದು ತೋಳನ್ನು ಅದರ ಎದೆಗೆ ಸುತ್ತಿ, ಇನ್ನೊಂದು ಕೈಯಿಂದ ಬಾಲದ ಬುಡವನ್ನು ಹಿಡಿದು ನಿಂತಿದ್ದ; ತಾಯಿಯು ಕಿವಿ ನಿಮಿರಿಸಿ ನಮ್ಮನ್ನೇ ನೋಡುತ್ತಿತ್ತು. ಬಾಯಿ ಮುಚ್ಚಿರುವಾಗ ಆ ಮರಿ ಸರ್ವಾಂಗಸುಂದರ. ತುಟಿಯೆತ್ತಿದೆ. ಮೇಲೆ ಎರಡು, ಕೆಳಗೆ ಎರಡು ಹಾಲುಹಲ್ಲು ವಸಡನ್ನು ಸೀಳಿಕೊಂಡು ಆಗತಾನೆ ಹೊರಬಂದಿದ್ದವು. ಆದರೆ ಮೇಲಿನವು ಎಷ್ಟು ಮುಂದಿದ್ದವೆಂದರೆ ನನ್ನ ಕಿರುಬೆರಳಿನ ತುದಿ ಅವುಗಳಿಗೂ ಕೆಳಗಿನವುಗಳಿಗೂ ನಡುವೆ ಸಲೀಸಾಗಿ ಕೂತಿತು. ಮರಿ ಆ ಬೆರಳನ್ನು ಮೊಲೆಯೆಂದೇ ತಿಳಿದು ಚೀಪತೊಡಗಿತು.

ಇದನ್ನೇ ಗಿಳಿಬಾಯಿ ಎನ್ನುತ್ತಾರೆ: ಕೆಳದವಡೆ ಹಿಂದುಳಿದು, ಮೇಲ್ದವಡೆ ಗಿಳಿಯ ಕೊಕ್ಕಿನಂತೆ ಮುಂಚಾಚಿದ ಸ್ಥಿತಿ. ಕೆಳದವಡೆಯೇ ಮುಂದಾಗಿರುವ ಹಂದಿಬಾಯಿಯೂ ಉಂಟು, ಆದರೆ ವಿರಳ. ಗಿಳಿಬಾಯಿಯ ಮರಿ ಹಾಲು ಕುಡಿಯುವುದಕ್ಕೆ ಸಾಮಾನ್ಯವಾಗಿ ತೊಂದರೆಪಡುವುದಿಲ್ಲ, ಸೊರಗುವುದೂ ಇಲ್ಲ. ಆದ್ದರಿಂದಲೇ ಎಷ್ಟೋ ಕಡೆ ಇದು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ನನಗೆ ನೋವಾಗುವುದು ಇಲ್ಲಿಯೇ. ಮೇಲಿನ ಹಲ್ಲುಗಳು ಬರಿದೆ ಮುಂದಿರುವಷ್ಟು ಕಾಲ ಕೆಳದವಡೆಗೆ ಬೆಳೆದು ಬಂದು ಸೇರುವ ಅವಕಾಶವುಂಟು. ಅವು ಕೆಳಗಿಳಿದು ಕೆಳಹಲ್ಲುಗಳ ಮುಂದೆ ತೆರೆಯಂತೆ ನಿಂತವೆಂದರೆ, ಕೆಳದವಡೆ ಅಗುಳಿ ಹಾಕಿದ ಬಾಗಿಲ ಹಿಂದೆ ಸಿಕ್ಕಿಕೊಂಡಂತಾಗಿ, ಮುಂದೆ ಬೆಳೆಯಬೇಕಾದುದು ಬೆಳೆಯಲಾರದೆ, ಕೆಳಹಲ್ಲುಗಳು ಅಂಗುಳವನ್ನು ಒತ್ತಿ ಹುಣ್ಣು ಮಾಡತೊಡಗುತ್ತವೆ.

ಕೇಡು ಮುಂದಿನ ಹಲ್ಲುಗಳಲ್ಲಿ ಮುಗಿಯುವುದೂ ಇಲ್ಲ. ಕುದುರೆಯ ಹಲ್ಲು ನಮ್ಮದರಂತಲ್ಲ. ಅದರ ಬಹುಭಾಗ ದವಡೆಯೊಳಗೇ ಹುದುಗಿದ್ದು, ವರ್ಷಕ್ಕೆ 2ರಿಂದ 3 ಮಿಲಿಮೀಟರಿನಷ್ಟು ಮೇಲೇರುತ್ತಾ, ಎದುರುಹಲ್ಲಿನ ಉಜ್ಜಾಟದಿಂದ ಅಷ್ಟೇ ಸವೆಯುತ್ತಾ ಸಮತೋಲವನ್ನು ಕಾಯ್ದುಕೊಳ್ಳುತ್ತದೆ. ಎದುರಿಗೆ ಹಲ್ಲಿಲ್ಲದ ಭಾಗ ಸವೆಯುವುದಿಲ್ಲ, ಕೊಕ್ಕೆಯಾಗುತ್ತದೆ. ಗಿಳಿಬಾಯಿಯ ಕುದುರೆಯಲ್ಲಿ ಮೇಲಿನ ಮೊದಲ ದವಡೆಹಲ್ಲಿನ ಮುಂದಂಚಿನಲ್ಲಿಯೂ ಕೆಳಗಿನ ಕೊನೆಯ ದವಡೆಹಲ್ಲಿನ ಹಿಂದಂಚಿನಲ್ಲಿಯೂ ಇಂತಹ ಕೊಕ್ಕೆಗಳೆದ್ದು, ಅವನ್ನು ಅರದಿಂದ ಉಜ್ಜಿ ತೆಗೆಯುವ ಕೆಲಸ ಅದರ ಜೀವಮಾನವೆಲ್ಲ ನಡೆಯಬೇಕಾಗುತ್ತದೆ. ಪಂದ್ಯದ ಥರೋಬ್ರೆಡ್ ಮರಿಗಳ ಬಾಯಿಗೆ ಎರಡು ವರ್ಷ ತುಂಬುವ ವೇಳೆಗೇ ಕಡಿವಾಣ ಬೀಳುತ್ತದೆ, ಎರಡೂವರೆ ವರ್ಷಕ್ಕೆ ಹಾಲುಹಲ್ಲು ಉದುರತೊಡಗುತ್ತವೆ. ಲಗಾಮಿಗೆ ತಲೆ ಕೊಡವುವ ಮರಿಯನ್ನು ಮೊಂಡೆಂದು ಗದರುವ ಮುನ್ನ ಅದರ ಬಾಯಿ ನೋಡುವುದು ನ್ಯಾಯ.

ತಿದ್ದುವ ಉಪಾಯವುಂಟು, ಆದರೆ ಅದಕ್ಕೆ ಕಾಲ ಕಾಯುವುದಿಲ್ಲ. ಮೂರು ತಿಂಗಳಿಂದ ಆರು ತಿಂಗಳೊಳಗೆ, ದವಡೆ ಇನ್ನೂ ವೇಗವಾಗಿ ಬೆಳೆಯುತ್ತಿರುವಾಗ, ಮರಿಗೆ ಅರಿವಳಿಕೆ ಕೊಟ್ಟು, ಮೇಲ್ದವಡೆಯ ಎರಡೂ ಪಕ್ಕದ ದವಡೆಹಲ್ಲುಗಳ ಸಂದಿನಲ್ಲಿ ಉಕ್ಕಿನ ತಂತಿಯನ್ನು ತೂರಿಸಿ, ಅದನ್ನು ಮುಂದಕ್ಕೆ ತಂದು ಮೇಲಿನ ಬಾಚಿಹಲ್ಲುಗಳಿಗೆ ಸುತ್ತಿ ಬಿಗಿಯುತ್ತಾರೆ. ಮೇಲ್ದವಡೆಯ ಮುನ್ನಡೆ ತಡೆಯುತ್ತದೆ, ಕೆಳಗಿನದು ತನ್ನ ಪಾಡಿಗೆ ಬೆಳೆದು ಬರುತ್ತದೆ. ಮೇಲಿನ ಹಲ್ಲುಗಳು ಕೆಳಕ್ಕೆ ಬಾಗಿದ್ದರೆ, ಕೆಳಹಲ್ಲು ಅಡೆತಡೆಯಿಲ್ಲದೆ ಮುಂದಕ್ಕೆ ಜಾರಲೆಂದು ಅಂಗುಳಿನ ಮುಂಭಾಗಕ್ಕೊಂದು ಇಳಿಜಾರು ತಟ್ಟೆಯನ್ನೂ ಕೂರಿಸುವುದುಂಟು. ತಂತಿ ತುಂಡಾಗಬಹುದು, ಸಡಿಲಬಹುದು, ಮತ್ತೆ ಬಿಗಿಯಬೇಕು. ವರ್ಷ ತುಂಬಿದ ಮೇಲೆ ಇದರಿಂದ ಸಿಗುವ ಫಲ ಅತ್ಯಲ್ಪ.

ನಾನು ನೋಡಿದ ಆ ಮರಿಗೆ ನಾಲ್ಕನೆಯ ತಿಂಗಳಿನಲ್ಲಿ ತಂತಿ ಬಿತ್ತು. ಎಚ್ಚರವಾದೊಡನೆ ನಾಲಗೆಯಿಂದ ತಂತಿಯನ್ನು ತಡವಿ ತಡವಿ ನೋಡಿ, ಕೊನೆಗೆ ತಾಯಿಯ ಕೆಚ್ಚಲಿಗೆ ಬಾಯಿಟ್ಟಿತು. ಅಂದೇ ಯಜಮಾನರಿಗೊಂದು ಮಾತು ಹೇಳಿದೆ: ಈ ದೋಷ ವಂಶದಲ್ಲಿಯೂ ಹರಿದುಬರಬಹುದಾದ್ದು, ತಂತಿ ಬಾಯಿಯನ್ನು ತಿದ್ದುತ್ತದೆಯೇ ವಿನಾ ರಕ್ತವನ್ನಲ್ಲ, ಆದ್ದರಿಂದ ಇದನ್ನು ತಳಿಗೆ ಬಿಡಬೇಡಿ, ಮಾರುವ ದಿನ ಬಂದರೆ ಕೊಳ್ಳುವವರಿಗೆ ತಿಳಿಸಿ. ಅವರು ಆಳನ್ನು ಕರೆದು ಲಾಯದ ಪುಸ್ತಕವನ್ನು ತರಿಸಿ, ಮರಿಯ ಬಣ್ಣ, ಹಣೆಯ ಚುಕ್ಕೆ, ಕಾಲಿನ ಬಿಳುಪುಗಳನ್ನು ಬರೆದಿದ್ದ ಪುಟದಲ್ಲಿಯೇ, ಅವುಗಳ ಕೆಳಗೆ, ‘ಗಿಳಿಬಾಯಿ, ತಂತಿ ಹಾಕಿದೆ’ ಎಂದು ತಮ್ಮ ಕೈಯಾರೆ ಬರೆದರು.