ಹುರಿಯ ಇನ್ನೊಂದು ತುದಿಗೆ ಓಟಗಾರರು ಬೇಕಾಗಿದ್ದಾರೆ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮೊನ್ನೆ ಬೆಳಿಗ್ಗೆ ಕಂಡ ಒಂದು ಜೋಡಿ ಇನ್ನೂ ಕಣ್ಣ ಮುಂದಿದೆ. ಕಪ್ಪು ಕಣ್ಣುಪಟ್ಟಿ ಕಟ್ಟಿದ ಅಂಧ ಯುವತಿ, ಅವಳ ಬಲಕ್ಕೆ ದಾರಿ ಹೇಳುತ್ತ ಜೊತೆಗೆ ಓಡುವ ಗೈಡ್ ರನ್ನರ್. ಇಬ್ಬರ ಬೆರಳುಗಳನ್ನು ಕೂಡಿಸಿದ್ದು ಗೇಣುದ್ದದ ಹುರಿ. ಅವಳ ಬಲಗೈ ಮುಂದೆ ಬಂದಾಗಲೆಲ್ಲ ಅವನ ಎಡಗೈಯೂ ಮುಂದೆ. ಅವಳ ಎಡಗಾಲು ನೆಲಕ್ಕೆ ತಾಗುವಾಗ ಅವನ ಬಲಗಾಲು. ‘ತಿರುವು ಬಂತು... ಒಳಗೆ... ಇನ್ನು ನೇರ’ ಎಂದು ಅವನು ಹೇಳುತ್ತಲೇ ಇದ್ದ. ಒಂದು ಸುತ್ತಿನಲ್ಲಿ ಅವಳು ಗದರಿಯೇಬಿಟ್ಟಳು: ‘ಅಣ್ಣಾ, ಎಳೀಬೇಡ. ನನ್ನ ಓಟ ನಾನೇ ಓಡ್ತೀನಿ.’

ಈ ಕೆಲಸದ ಮರ್ಮ ಆ ಗದರಿಕೆಯಲ್ಲೇ ಇದೆ. ಗೈಡ್ ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಅಂತಿಮ ಗೆರೆಯನ್ನು ಮೊದಲು ದಾಟುವಂತೆಯೂ ಇಲ್ಲ. ಪೂರ್ತಿ ದೃಷ್ಟಿಯಿಲ್ಲದವರ ಟಿ11 ವಿಭಾಗದಲ್ಲಿ ಗೈಡ್ ಕಡ್ಡಾಯ. ಅಲ್ಪ ದೃಷ್ಟಿಯ ಟಿ12ರಲ್ಲಿ ಓಟಗಾರರ ಇಷ್ಟ. ಓಟಗಾರ್ತಿ ಏದುಸಿರು ಬಿಡುವಾಗಲೂ ಗೈಡ್‌ಗೆ ಮಾತಾಡುವಷ್ಟು ಉಸಿರು ಉಳಿದಿರಬೇಕು. ಅಂದರೆ ಅವಳಿಗಿಂತ ವೇಗಿಯಾಗಿದ್ದೂ ಅವಳ ವೇಗದಲ್ಲೇ ಓಡಬೇಕು.

ಚಿಕ್ಕಮಗಳೂರು ಜಿಲ್ಲೆಯ ಅಂಧ ಓಟಗಾರ್ತಿ ರಕ್ಷಿತಾ ರಾಜು 2018ರಲ್ಲಿ ಜಕಾರ್ತದಲ್ಲಿ, 2023ರಲ್ಲಿ ಹಾಂಗ್‌ಝೌನಲ್ಲಿ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಚಿನ್ನ ಗೆದ್ದವರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು. ಅವರ ಗೈಡ್ ರಾಹುಲ್ ಬಾಲಕೃಷ್ಣ ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಅದೇ ಪ್ಯಾರಿಸ್‌ನ ಮ್ಯಾರಥಾನ್ ಪ್ರಸಂಗ ನನ್ನನ್ನು ಬಿಡದೆ ಕಾಡುತ್ತದೆ. ಟಿ12 ವಿಭಾಗದ ಸ್ಪೇನ್ ಓಟಗಾರ್ತಿ ಎಲೆನಾ ಕಾಂಗೋಸ್ಟ್ ಮೂರನೆಯವರಾಗಿ ಬರುತ್ತಿದ್ದರು. ಗೆರೆಗೆ ಇನ್ನು ಕೆಲವೇ ಹೆಜ್ಜೆ ಇರುವಾಗ ಸ್ನಾಯು ಸೆಳೆತದಿಂದ ಗೈಡ್ ಮುಗ್ಗರಿಸಿದರು. ಅವರನ್ನು ಹಿಡಿಯಲು ಎಲೆನಾ ಒಂದು ಕ್ಷಣ ಹುರಿ ಬಿಟ್ಟರು. ನಾಲ್ಕನೆಯವರು ಆಗ ಮೂರು ನಿಮಿಷ ಹಿಂದಿದ್ದರು. ಆದರೂ ಎಲೆನಾ ಅನರ್ಹರಾದರು, ಕಂಚು ಜಪಾನಿನ ಮಿಸಾಟೊ ಮಿಚಿಶಿಟಾ ಅವರ ಪಾಲಾಯಿತು. ಹುರಿ ಬಿಡಬಾರದೆಂಬ ನಿಯಮ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಬೀಳುತ್ತಿದ್ದ ಜೊತೆಗಾರನನ್ನು ಹಿಡಿದ ಕೈಗೆ ಶಿಕ್ಷೆ ಕೊಟ್ಟದ್ದು ಅನ್ಯಾಯವೆಂದೇ ಇಂದಿಗೂ ನನ್ನ ಅನಿಸಿಕೆ. ಕಣ್ಣಿದ್ದವರೇ ಸದಾ ಆಸರೆ, ಇಲ್ಲದವರು ಸದಾ ಆಶ್ರಿತರು ಎಂಬ ನಮ್ಮ ಲೆಕ್ಕವನ್ನು ಎಲೆನಾ ತಲೆಕೆಳಗು ಮಾಡಿದರು.

ಕಂಠೀರವದ ಆ ಗೈಡ್ ಬ್ಯಾಂಕ್ ನೌಕರ. ಕಲಿಕೆಯ ಮೊದಲ ಪಾಠವಾಗಿ ತಾನೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಬ್ಬರ ಮಾತು ನಂಬಿ ಓಡಿದನಂತೆ. ‘ಕನಿಕರ ಇಟ್ಕೊಂಡು ಬಂದೋರು ಎರಡು ವಾರ ನಿಲ್ಲಲ್ಲ ಸಾರ್. ಟೈಮಿಗೆ ಸರಿಯಾಗಿ ಬರೋರು ನಿಲ್ತಾರೆ’ ಎಂದ.

ನಮ್ಮ ಉದ್ಯಾನಗಳಲ್ಲಿ ಬೆಳಗಾದರೆ ಓಡುವವರಿಗೆ ಬರವಿಲ್ಲ. ಜೊತೆ ಸಿಗದೆ ಮನೆಯಲ್ಲೇ ಉಳಿದ ಅಂಧ ಯುವಕ ಯುವತಿಯರೂ ಅದೇ ಊರುಗಳಲ್ಲಿದ್ದಾರೆ. ನಿಮ್ಮೂರಿನ ಅಂಧ ಮಕ್ಕಳ ಶಾಲೆಗೋ ಜಿಲ್ಲಾ ಕ್ರೀಡಾಂಗಣಕ್ಕೋ ಹೋಗಿ, ಜೊತೆಗೆ ಓಡಲು ಯಾರಾದರೂ ಬೇಕೇ ಎಂದು ಕೇಳಿ. ಬೇಕು ಎಂದರೆ, ಹೇಳಿದ ಹೊತ್ತಿಗೆ ತಪ್ಪದೆ ಹಾಜರಾಗಿ.