ಅರ್ಧಕ್ಕೆ ನಿಂತ ಯೋಜನೆಗಳ ಲೆಕ್ಕ

ಯಶವಂತಪುರ ದಾಟಿದರೆ ಸಿಗುವ ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಲೇತ್ ಪಕ್ಕದ ಟ್ರೇಯಲ್ಲಿ ಅರೆಬರೆ ಬಿಡಿಭಾಗಗಳು ರಾಶಿ ಬಿದ್ದರೆ ಸೂಪರ್‌ವೈಸರ್ ಕೂಡಲೇ ವಿಚಾರಿಸುತ್ತಾರೆ. ಅದೇ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಹತ್ತಾರು ಹೊಸ ವಿನ್ಯಾಸಗಳು ಅರ್ಧಕ್ಕೆ ನಿಂತಿದ್ದರೆ ಕೇಳುವವರಿಲ್ಲ. ಹೊಸ ಆಲೋಚನೆಗಳು ಸೊರಗುವುದು ಹೆಚ್ಚಾಗಿ ಇಲ್ಲೇ.

ಟೊಯೊಟಾ ಕಂಪನಿಯ ಎಂಜಿನಿಯರ್ ತೈಚಿ ಓನೊ ಕಾರ್ಖಾನೆಯ ಪೋಲನ್ನು ಏಳು ಬಗೆಯಾಗಿ ವಿಂಗಡಿಸಿದರು. ಕಾಯುವಿಕೆ, ದಾಸ್ತಾನು, ಬೇಡದ ಸಾಗಣೆ ಅವುಗಳಲ್ಲಿ ಕೆಲವು. ಈ ಚಿಂತನೆಯೇ ಮುಂದೆ 'ಲೀನ್' ಎಂದು ಹೆಸರಾಯಿತು. ಸಂಶೋಧನಾ ವಿಭಾಗದಲ್ಲಿ ದಾಸ್ತಾನು ಎಂದರೆ ಮುಗಿಯದ ಯೋಜನೆಗಳು.

ಇದರ ಹಿಂದೊಂದು ಗಣಿತವಿದೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದಂತೆ, ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಅವಧಿ ಸಿಗುತ್ತದೆ. 12 ಯೋಜನೆಗಳಿದ್ದು ತಿಂಗಳಿಗೆ 2 ಮುಗಿಯುತ್ತಿದ್ದರೆ ಪ್ರತಿಯೊಂದಕ್ಕೂ 6 ತಿಂಗಳು. ಅದೇ ವೇಗದಲ್ಲಿ 6 ಯೋಜನೆಗಳನ್ನಷ್ಟೇ ಹಿಡಿದರೆ 3 ತಿಂಗಳು ಸಾಕು. ಹೆಬ್ಬಾಳದ ಮೇಲ್ಸೇತುವೆಗೆ ಇನ್ನಷ್ಟು ವಾಹನ ನುಗ್ಗಿದ ಮಾತ್ರಕ್ಕೆ ಆಚೆ ತುದಿಯಲ್ಲಿ ಬೇಗ ಹೊರಬರುವುದಿಲ್ಲವಲ್ಲ.

ಎಂಜಿನಿಯರುಗಳಿಗೆ ಒಂದು ಗಳಿಗೆಯೂ ಬಿಡುವಿಲ್ಲದಂತೆ ಕೆಲಸ ಹಚ್ಚುವುದೂ ತಪ್ಪು. ಕೆಲಸಗಳು ಹೇಳಿಕೇಳಿ ಬರುವುದಿಲ್ಲ. ಸಾಲುಗಳ ಸರಳ ಗಣಿತ ಮಾದರಿಯಲ್ಲಿ ಕೆಲಸದ ಹೊರೆ ಶೇ. 80ರಿಂದ 90ಕ್ಕೆ ಏರಿದರೆ ಕಾಯುವ ಸಮಯ ದುಪ್ಪಟ್ಟಿಗೂ ಮೀರುತ್ತದೆ.

ಆದರೆ ಕಾರ್ಖಾನೆಯ ನಿಯಮವನ್ನು ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ. ಉತ್ಪಾದನೆಯಲ್ಲಿ ಕೆಟ್ಟ ಪೀಸು ನಷ್ಟ. ಸಂಶೋಧನೆಯಲ್ಲಿ ಸೋತ ಪ್ರಯೋಗ ಏನನ್ನಾದರೂ ಕಲಿಸಿದರೆ ಅದು ಲಾಭವೇ. ನಷ್ಟವಾಗುವುದು ತಡವಾಗಿ ಕಲಿತಾಗ. ಪ್ಲಾಸ್ಟಿಕ್ ಮುಚ್ಚಳವೊಂದರ ಸ್ಕ್ರೂ ತೂತು 2 ಮಿಲಿಮೀಟರ್ ಪಕ್ಕಕ್ಕಿದೆ ಎಂದುಕೊಳ್ಳಿ. 3ಡಿ ಪ್ರಿಂಟರಿನಲ್ಲಿ ಮಾದರಿ ತೆಗೆದು ಕೂರಿಸಿ ನೋಡಿದರೆ ತಪ್ಪು ಆಗಲೇ ಗೊತ್ತಾಗುತ್ತದೆ, ಚಿತ್ರ ತಿದ್ದಿದರೆ ಮುಗಿಯಿತು. ಉಕ್ಕಿನ ಅಚ್ಚು ಮಾಡಿದ ಮೇಲೆ ಗೊತ್ತಾದರೆ ಅಚ್ಚನ್ನೇ ಬಿಚ್ಚಿ ಮತ್ತೆ ಕೆತ್ತಬೇಕು.

ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಸಣ್ಣ ಉದ್ದಿಮೆಗಳಿಗಾಗಿ ಹೊಸ ರೂಪದ ಲೀನ್ ಯೋಜನೆ ಆರಂಭಿಸಿದೆ. ಸಲಹೆಗಾರರ ನೆರವಿಗೆ ತಗಲುವ ವೆಚ್ಚದ ಶೇ. 90ರಷ್ಟನ್ನು ಅದೇ ಭರಿಸುತ್ತದೆ. ಈ ನೆರವನ್ನು ಯಂತ್ರಗಳ ಸಾಲಿಗಷ್ಟೇ ಸೀಮಿತಗೊಳಿಸದೆ, ಅದರಿಂದ ಕಲಿತದ್ದನ್ನು ವಿನ್ಯಾಸ ವಿಭಾಗಕ್ಕೂ ತನ್ನಿ. ಕೈಯಲ್ಲಿರುವ ಯೋಜನೆಗಳನ್ನೆಲ್ಲ ಒಂದು ಬೋರ್ಡಿನ ಮೇಲೆ ಬರೆಯಿರಿ. ಒಂದು ಮುಗಿಯುವವರೆಗೆ ಇನ್ನೊಂದನ್ನು ಶುರುಮಾಡಬೇಡಿ.